ಟ್ಯಾಂಕ್ ಕವರಿನ ಬಟನ್

ಅಣ್ಣ ನನ್ನ ಹೊಲಿಗೆ ಮಿಷನ್ ಮಾರಿದ ದಿನ ನಾನು ಮತ್ತು ಅಮ್ಮ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಮೂರು ಗಂಟೆಗೆ ವಾಪಸು ಬಂದರೆ ಶೆಡ್ಡಿನ ಬಾಗಿಲ ಪಕ್ಕದ ಮೂಲೆಯಲ್ಲಿ, ಒಂಬತ್ತು ವರ್ಷ ನಾನು ಕೂತಿದ್ದ ಜಾಗದಲ್ಲಿ, ಕೆಂಪು ಬಣ್ಣದ ಕಂಪ್ರೆಸರ್ ನಿಂತಿತ್ತು. ನೆಲದ ಮೇಲೆ ಮಿಷನ್ನಿನ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಅಲ್ಲಿ ಸಿಮೆಂಟು ಸವೆದು ಸ್ವಲ್ಪ ತಗ್ಗಾಗಿತ್ತು.

"ಮಿಷನ್ ಎಲ್ಲೋ?" ಅಮ್ಮ ಕೇಳಿದಳು.

"ತಿರುವಿನ ಸೀಟಿನಂಗಡಿಯವನಿಗೆ ಕೊಟ್ಟುಬಿಟ್ಟೆ," ಅಂದ ಅಣ್ಣ, ಕಂಪ್ರೆಸರಿನ ಪೈಪು ಸುತ್ತುತ್ತಾ. "ಒಳ್ಳೆ ರೇಟು ಬಂತು. ಅದೇ ದುಡ್ಡಲ್ಲಿ ಇದು ಬಂತು. ನೋಡಮ್ಮ, ಈಗ ಶೆಡ್ಡು ಅಂದ್ರೆ ಶೆಡ್ಡು."

"ಅವಳನ್ನ ಒಂದು ಮಾತು ಕೇಳಿದ್ಯಾ?"

"ಕೇಳೋದೇನಿದೆ? ತಿಂಗಳಿಗೆ ಎರಡು ಸೀಟ್ ಕವರ್ ಹೊಲಿಯೋಳು. ಗಾಡಿ ಓಡೋದು ಎಂಜಿನ್ನಿಂದ, ಬಟ್ಟೆಯಿಂದ ಅಲ್ಲ."

ಅಮ್ಮ ನನ್ನ ಮುಖ ನೋಡಿದಳು. ನಾನು ಅಪ್ಪನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಮನೆಯಲ್ಲಿ ಎಲ್ಲರೂ ನನ್ನನ್ನು ಮೂಗಿ ಅಂತ ಕರೆಯುತ್ತಾರೆ. ಮಾತು ಬರುತ್ತದೆ, ಬೇಕಾದ ಹೊತ್ತಿಗೆ ಬರುವುದಿಲ್ಲ, ಅಷ್ಟೇ.

ಆ ಮಿಷನ್ ಸುಮ್ಮನೆ ಬಂದದ್ದಲ್ಲ. ನನಗೆ ಹದಿನಾಲ್ಕು ವರ್ಷವಿದ್ದಾಗ ಅಪ್ಪನಿಗೆ ಕಾಯಿಲೆಯಾಗಿ ಶೆಡ್ಡು ಅರ್ಧ ವರ್ಷ ಮುಚ್ಚಿತ್ತು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಓದಿಸಬಹುದು ಅಂತಾಯಿತು. ಅಣ್ಣ ಮೆಕ್ಯಾನಿಕ್ ತರಬೇತಿಗೆ ಹೋದ, ನಾನು ಶಾಲೆ ಬಿಟ್ಟೆ. ಕೊನೆಯ ದಿನ ಪುಸ್ತಕದ ಚೀಲ ತಂದಿಟ್ಟಾಗ ಅಪ್ಪ ರೆಕ್ಸಿನ್ ಹೊಲಿಯುವ ಈ ಭಾರದ ಹಳೇ ಮಿಷನ್ ತಂದು, "ಶಾಲೆ ಬದಲಿಗೆ ಇದು. ಇದು ನಿಂದು. ಯಾರೂ ಕೇಳಲ್ಲ," ಅಂದಿದ್ದ. ಯಾರೂ ಕೇಳಲಿಲ್ಲ ಅನ್ನುವುದೇನೋ ನಿಜವಾಯಿತು.

ಅದರ ಮೇಲೆ ನಾನು ಹೊಲಿದ ಕೊನೆಯ ಕೆಲಸ ಅಣ್ಣನದೇ.

ಅಪ್ಪನ ಕಾಲದ, ಇಪ್ಪತ್ತಾರು ವರ್ಷದ ಮೋಟರ್ ಸೈಕಲ್ಲನ್ನು ಈಗ ಅಣ್ಣ ಓಡಿಸುತ್ತಾನೆ. ಎಂಜಿನ್ ಗಟ್ಟಿ, ಆದರೆ ಟ್ಯಾಂಕಿನ ಬಣ್ಣ ಕಿತ್ತು ನೋಡಲು ಅಸಹ್ಯವಾಗಿತ್ತು. ಪಾರ್ಸೆಲ್ ಕಂಪನಿಯೊಂದರ ಹನ್ನೆರಡು ಗಾಡಿಗಳ ರಿಪೇರಿ ಕೆಲಸ ಹಿಡಿಯಬೇಕು ಅಂತ ಅವನು ಓಡಾಡುತ್ತಿದ್ದ. ಕಂಪನಿಯ ಮ್ಯಾನೇಜರ್ ಬಂದು ನೋಡುವ ಹೊತ್ತಿಗೆ ತನ್ನ ಗಾಡಿ ಲಕ್ಷಣವಾಗಿ ಕಾಣಬೇಕು ಅಂತ ಟ್ಯಾಂಕಿಗೆ ಕವರ್ ಹೊಲಿಸಿದ. ಕಪ್ಪು ರೆಕ್ಸಿನ್, ಅಂಚಿಗೆ ಕೆಂಪು ದಾರದ ಎರಡು ಸಾಲು ಹೊಲಿಗೆ. ಪೆಟ್ರೋಲ್ ಹಾಕುವ ಮುಚ್ಚಳದ ಮೇಲೆ ಬರುವಂತೆ ಒಂದು ಮಡಿಕೆ ಇಟ್ಟೆ. ಅದಕ್ಕೆ ನಾನು ರೆಪ್ಪೆ ಅನ್ನುತ್ತೇನೆ. ರೆಪ್ಪೆಯ ತುದಿಗೆ ಒಂದು ಟಿಚ್ ಬಟನ್.

"ಒಂದು ಹನಿ ನೀರು ಒಳಗೆ ಹೋಗಬಾರ್ದು," ಅಂತ ಅಣ್ಣನೇ ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ತಂದುಕೊಟ್ಟಿದ್ದ. "ಇದನ್ನ ಒಳಗಡೆ ಕೊಟ್ಟು ಹೊಲಿ. ಗಟ್ಟಿಯಾಗಿ ಕೂರ್ಬೇಕು."

ಗಟ್ಟಿಯಾಗಿಯೇ ಕೂತಿತು.

ಮಿಷನ್ ಹೋದ ನಾಲ್ಕನೇ ದಿನ ಅಣ್ಣ ಗಾಡಿ ತಳ್ಳಿಕೊಂಡು ಬಂದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಬೈಪಾಸಲ್ಲಿ ಅರವತ್ತರಲ್ಲಿ ಹೋಗ್ತಿದ್ದೆ, ಗಪ್ ಅಂತ ನಿಂತುಬಿಡ್ತು. ಹತ್ತು ಸಲ ಕಿಕ್ ಹೊಡೆದೆ. ಪೆಟ್ರೋಲ್ ಇದ್ಯಾ ಅಂತ ತೆಗೆದು ನೋಡಿದೆ, ಅರ್ಧ ಟ್ಯಾಂಕ್ ಇದೆ. ಆಮೇಲೆ ಸ್ಟಾರ್ಟ್ ಆಯ್ತು. ಮತ್ತೆ ಸೇತುವೆ ಹತ್ರ ನಿಂತಿತು. ಸಿಟ್ಟು ಬಂದು ಅಲ್ಲಿಂದ ತಳ್ಕೊಂಡೇ ಬಂದೆ."

"ಊರೊಳಗೆ ನಿಲ್ಲಲ್ವಾ?" ಬೆಂಚಿನಿಂದ ಅಪ್ಪ ಕೇಳಿದ. ಕಣ್ಣಿಗೆ ಪೊರೆ ಬಂದ ಮೇಲೆ ಅಪ್ಪ ಸ್ಪ್ಯಾನರ್ ಹಿಡಿಯುವುದಿಲ್ಲ. ಕಿವಿ ಮಾತ್ರ ಇನ್ನೂ ಮೇಸ್ತ್ರಿಯದೇ.

"ಊರೊಳಗೆ ಕುದುರೆ ಹಾಗೆ ಓಡುತ್ತೆ. ಜೋರು ಹೋದ್ರೆ, ಕಾಲು ಗಂಟೆ ಆದ್ಮೇಲೆ ಸಾಯುತ್ತೆ."

"ಬಿಸಿಯಾಗಿ ಕಾಯಿಲ್ ಹೋಗ್ತಿರಬೇಕು. ಪ್ಲಗ್ಗಿಂದ ಶುರು ಮಾಡು."

ಅಣ್ಣ ಪ್ಲಗ್ ಬದಲಾಯಿಸಿದ. ಕೆಲಸಕ್ಕೆ ಕೂರುವ ಮುಂಚೆ ಕವರ್ ಬಿಚ್ಚಿ ನನ್ನ ಕೈಗೆ ಕೊಟ್ಟ, "ಗ್ರೀಸ್ ಆಗುತ್ತೆ, ಇಟ್ಕೋ." ಕವರ್ ಇಲ್ಲದೆಯೇ ಬೈಪಾಸಿಗೆ ಹೋಗಿ ಅರ್ಧ ಗಂಟೆ ಓಡಿಸಿ ಬಂದ. ಒಂದು ಸಲವೂ ನಿಲ್ಲಲಿಲ್ಲ.

"ನೋಡಿದ್ರಾ? ಪ್ಲಗ್ಗೇ," ಅಂದ. "ಮೂಗಿ, ಕವರ್ ಹಾಕು."

ಕವರ್ ಹಾಕಿದೆ. ಮಾರನೇ ದಿನ ಗಾಡಿ ಮತ್ತೆ ನಿಂತಿತು.

ಆಮೇಲೆ ಪಾಯಿಂಟು, ಕಂಡೆನ್ಸರು, ಕಾಯಿಲ್ಲು. ಪ್ರತಿ ಸಲವೂ ಇದೇ ಕತೆ. ಕವರ್ ತೆಗೆದು ರಿಪೇರಿ, ಕವರ್ ಇಲ್ಲದೆ ಓಡಿಸಿ ನೋಡುವುದು, "ಸಿಕ್ತು ಕಳ್ಳ" ಅನ್ನುವುದು, ಕವರ್ ಹಾಕಿಸುವುದು, ಮತ್ತೆ ತಳ್ಳಿಕೊಂಡು ಬರುವುದು. ಹೊಸ ಕಾಯಿಲ್ ಹಾಕಿದ ಮಾರನೇ ದಿನ ಬಿಡಿಭಾಗದ ಅಂಗಡಿಗೆ ಹೋಗಿ ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀಯ ಅಂತ ಜಗಳ ಮಾಡಿ ಬಂದ. ಮನೆಯಲ್ಲಿ ಮೊಟ್ಟೆ ನಿಂತಿತು, ಹಾಲು ಅರ್ಧವಾಯಿತು.

"ಆ ಎಂಜಿನ್ನಿಗೆ ತಿನ್ನಿಸೋದ್ರಲ್ಲಿ ಕಾಲು ಭಾಗ ನಮಗೆ ತಿನ್ನಿಸಿದ್ರೆ ಇಷ್ಟು ಹೊತ್ತಿಗೆ ನಾವೇ ಓಡ್ತಿದ್ವಿ," ಅಂದಳು ಅತ್ತಿಗೆ, ಬರೀ ಬೇಳೆಗೆ ಅನ್ನ ಕಲಸುತ್ತಾ. ಅತ್ತಿಗೆಗೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು.

"ನೀನು ಸುಮ್ನಿರು," ಅಂದ ಅಣ್ಣ.

"ಸುಮ್ನಿರೋಕೆ ಮನೇಲಿ ಮೂಗಿ ಇದಾಳೆ. ನಾನ್ಯಾಕಿರಲಿ?"

ನನಗೆ ವಿಷಯ ಗೊತ್ತಾದದ್ದು ಹತ್ತನೇ ದಿನ. ಅಣ್ಣ ಗಾಡಿ ತಂದು ಶೆಡ್ಡಿನೊಳಗೆ ನಿಲ್ಲಿಸಿ ಸೀದಾ ಬಚ್ಚಲಿಗೆ ಹೋದ. ಆವತ್ತು ಸಿಟ್ಟಿನಲ್ಲಿ ಪೆಟ್ರೋಲ್ ಕೂಡ ತೆಗೆದು ನೋಡಿರಲಿಲ್ಲವಂತೆ. ನಾನು ಕವರ್ ಬಿಚ್ಚೋಣ ಅಂತ ಟಿಚ್ ಬಟನ್ ತೆಗೆದೆ. ರೆಪ್ಪೆ ಮೇಲೇಳಲಿಲ್ಲ. ಒಳಗಿನ ರಬ್ಬರು ಮುಚ್ಚಳವನ್ನು ಜಿಗಣೆ ಹಾಗೆ ಕಚ್ಚಿಕೊಂಡಿತ್ತು. ಉಗುರು ಕೊಟ್ಟು ಎಬ್ಬಿಸಿದೆ. ಸ್ಸ್ ಅಂತ ಟ್ಯಾಂಕು ಉಸಿರು ಎಳೆದುಕೊಂಡಿತು. ಬಹಳ ಹೊತ್ತು ಎಳೆದುಕೊಂಡಿತು.

ಮುಚ್ಚಳದ ನಡುವೆ ಸೂಜಿ ಹೋಗುವಷ್ಟು ಸಣ್ಣ ತೂತಿದೆ. ಪೆಟ್ರೋಲ್ ಕೆಳಗೆ ಇಳಿದಷ್ಟು ಗಾಳಿ ಆ ತೂತಿನಿಂದ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಇದನ್ನು ಅಪ್ಪ ಎಷ್ಟೋ ಗಿರಾಕಿಗಳಿಗೆ ಹೇಳಿದ್ದನ್ನು ಮಿಷನ್ ಹಿಂದೆ ಕೂತು ಕೇಳಿದ್ದೇನೆ. ನಿಧಾನ ಹೋದರೆ ಎಂಜಿನ್ ಕುಡಿಯುವುದು ಕಡಿಮೆ, ಅಲ್ಲಿ ಇಲ್ಲಿ ನುಸುಳುವ ಗಾಳಿ ಸಾಕು. ಜೋರು ಹೋದಾಗ ಸಾಲದು. ನಿಂತ ಮೇಲೆ ಅಣ್ಣ ಪೆಟ್ರೋಲ್ ನೋಡಲು ರೆಪ್ಪೆ ಎತ್ತುತ್ತಾನೆ, ಗಾಳಿ ಹೋಗುತ್ತದೆ, ಗಾಡಿ ಹೊರಡುತ್ತದೆ. ಅವನು ಎಂಜಿನ್ ತಣ್ಣಗಾಯಿತು ಅಂದುಕೊಳ್ಳುತ್ತಾನೆ.

ಹೇಳಿಬಿಡಬೇಕು ಅಂತಲೇ ಒಳಗೆ ಹೋದೆ. ಸತ್ಯವಾಗಿಯೂ ಹೋದೆ. ಊಟಕ್ಕೆ ಎಲ್ಲರೂ ಕೂತಿದ್ದರು.

"ಅಣ್ಣ, ಗಾಡಿ..."

"ಏನು ಗಾಡಿ?"

"ಗಾಡಿ ಕವರ್ ಇದ್ಯಲ್ಲ..."

"ಥೂ!" ಅಣ್ಣ ಲೋಟ ಕುಕ್ಕಿದ. "ಇಲ್ಲಿ ಮನುಷ್ಯನ ತಲೆ ಕೆಟ್ಟು ಕೂತಿದೆ, ಇವಳಿಗೆ ಕವರ್ ಚಿಂತೆ. ಇವತ್ತು ತಿರುವಲ್ಲಿ ನೋಡಿದೆ, ನಿನ್ನ ಮಿಷನ್ ಮೇಲೆ ಸೀಟಿನಂಗಡಿ ಹುಡುಗಿ ದಿನಕ್ಕೆ ನಾಲ್ಕು ಸೀಟು ಇಳಿಸ್ತಿದಾಳೆ. ನೀನು ಒಂಬತ್ತು ವರ್ಷ ಅದನ್ನ ಒರೆಸ್ಕೊಂಡು ಕೂತಿದ್ದೆ. ಕೊಟ್ಟಿದ್ದೇ ಒಳ್ಳೇದಾಯ್ತು."

ಅಮ್ಮ, "ಯಾಕೋ ಅವಳ ಮೇಲೆ ಹಾರ್ತೀಯ?" ಅಂದಳು. ಅಪ್ಪ ತಟ್ಟೆಯಲ್ಲಿ ಕೈ ಆಡಿಸುತ್ತಾ ಉಪ್ಪು ಹುಡುಕಿದ. ನಾನು ಉಪ್ಪಿನ ಡಬ್ಬಿ ಅಪ್ಪನ ಕೈಗೆ ತಾಗಿಸಿದೆ.

"ಕವರ್ ಏನಾಯ್ತೇ?" ಅಪ್ಪ ಕೇಳಿದ.

"ಏನಿಲ್ಲ," ಅಂದೆ. "ಚೆನ್ನಾಗಿದೆ."

ಆ ಕ್ಷಣದಿಂದ ಗಾಡಿ ಅಣ್ಣನದಾಗಿ ಉಳಿಯಲಿಲ್ಲ, ನನ್ನದಾಯಿತು.

ಬೆಳಿಗ್ಗೆ ಅಣ್ಣ ಶೆಡ್ಡಿನಿಂದ ಕೂಗುತ್ತಿದ್ದ, "ಮೂಗಿ, ಕವರ್ ಹಾಕು!" ಅವನ ಕೈಯಲ್ಲಿ ಯಾವಾಗಲೂ ಎಣ್ಣೆ. ನಾನು ಕೈ ತೊಳೆದುಕೊಂಡು ಬಂದು ಕವರ್ ಎಳೆದು ಕೂರಿಸಿ ಪಟ್ಟಿ ಕಟ್ಟುತ್ತಿದ್ದೆ. ಅಣ್ಣ ಒಬ್ಬನೇ ಹೋಗುವುದಾದರೆ ರೆಪ್ಪೆ ಎಳೆದು ಟಿಕ್ ಅಂತ ಬಟನ್ ಒತ್ತುತ್ತಿದ್ದೆ. ಅಮ್ಮ ಹಿಂದೆ ಕೂತು ಸಗಟು ಮಾರುಕಟ್ಟೆಗೆ ಹೋಗುವುದಾದರೆ ಒತ್ತಿದ ಹಾಗೆ ಮಾಡಿ ರೆಪ್ಪೆ ಸಡಿಲ ಬಿಡುತ್ತಿದ್ದೆ. ಅಮ್ಮನ ಜೊತೆ ಗಾಡಿ ಹೋಗಿ ಬರುವಾಗ ಒಮ್ಮೆಯೂ ಕೆಮ್ಮಲಿಲ್ಲ.

"ಹೆಂಡತಿ ಕೂತ್ರೆ ಬಾಲ ಮುದುರಿಕೊಂಡು ಹೋಗೋದು ಆ ಗಾಡಿಗೆ ಮೊದಲಿಂದ ಅಭ್ಯಾಸ," ಅಂತ ಅಪ್ಪ ನಕ್ಕ. "ಎಷ್ಟೋ ವರ್ಷ ನಾನು ಹಾಗೇ ಓಡಿಸಿದೀನಿ."

"ಅಯ್ಯೋ, ನನ್ನ ಭಾರಕ್ಕೆ ಅದು ಓಡೋದೇ ನಿಧಾನ," ಅಂದಳು ಅಮ್ಮ.

ಅಣ್ಣನಿಗೆ ನಗು ಬರಲಿಲ್ಲ. ಭಾರ ಇದ್ದರೆ ನಿಲ್ಲುವುದಿಲ್ಲ ಅನ್ನುವುದರಲ್ಲೂ ಏನೋ ಇದೆ ಅಂತ ಹಿಂದಿನ ಸೀಟಿಗೆ ಅರ್ಧ ಮೂಟೆ ಮರಳು ಕಟ್ಟಿಕೊಂಡು ಬೈಪಾಸಿಗೆ ಹೋದ. ನಾನು ಬಟನ್ ಒತ್ತಿ ಕಳಿಸಿದೆ. ಎರಡು ಗಂಟೆ ಬಿಟ್ಟು ಮರಳಿನ ಸಮೇತ ತಳ್ಳಿಕೊಂಡು ಬಂದ. ಎದುರು ಶೆಡ್ಡಿನವನು ಬಾಗಿಲಲ್ಲಿ ನಿಂತು, "ಏನು ಸ್ವಾಮಿ, ಮನೆ ಕಟ್ಟಿಸ್ತಿದೀರಾ?" ಅಂತ ಕೇಳಿದ. ನಾನು ಕಿಟಕಿಯ ಹಿಂದೆ ಅಕ್ಕಿ ಆರಿಸುತ್ತಿದ್ದೆ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಾದಂತಾಯಿತು.

ನಾನು ದಿನಾ ಮಧ್ಯಾಹ್ನ ತರಕಾರಿ ನೆಪ ಮಾಡಿಕೊಂಡು ತಿರುವಿಗೆ ಹೋಗುತ್ತಿದ್ದೆ. ಸೀಟಿನಂಗಡಿಯ ಬಾಗಿಲಿನಲ್ಲೇ ನನ್ನ ಮಿಷನ್ ಇತ್ತು. ಚಕ್ರದ ಪಕ್ಕ ನಾನು ಸುತ್ತಿದ್ದ ನೀಲಿ ದಾರ ಇನ್ನೂ ಹಾಗೇ ಇತ್ತು. ಆ ಹುಡುಗಿ ಎಣ್ಣೆ ಬಿಡದೆ ಓಡಿಸುತ್ತಿದ್ದಳು. ಸದ್ದಿನಲ್ಲೇ ತಿಳಿಯುತ್ತಿತ್ತು. ಮನೆಗೆ ಬಂದು ಮತ್ತೆ ಬಟನ್ ಒತ್ತುತ್ತಿದ್ದೆ.

ಮ್ಯಾನೇಜರ್ ಬಂದದ್ದು ಮೂರನೇ ವಾರ. ತೆಳ್ಳಗಿನ ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಶೆಡ್ಡೆಲ್ಲ ನೋಡಿ, ಕಂಪ್ರೆಸರ್ ನೋಡಿ ತಲೆಯಾಡಿಸಿದರು. ಅಮ್ಮ ಚಹಾ ಕೊಟ್ಟಳು.

"ನಮ್ಮ ಗೋದಾಮು ಇಲ್ಲಿಂದ ಇಪ್ಪತ್ತು ಕಿಲೋಮೀಟರ್," ಅಂದರು. "ಬನ್ನಿ, ಗಾಡಿಗಳನ್ನ ತೋರಿಸ್ತೀನಿ. ನಿಮ್ಮ ಗಾಡೀಲೇ ಹೋಗೋಣ."

ಅಣ್ಣನ ಮುಖ ಬಿಳುಚಿತು. ಹಿಂದಿನ ದಿನವಷ್ಟೇ ಕಾರ್ಬೊರೇಟರ್ ಬಿಚ್ಚಿ ತೊಳೆದು, ಕವರ್ ಇಲ್ಲದೆ ಓಡಿಸಿ ನೋಡಿ, ಸರಿಯಾಯಿತು ಅಂದಿದ್ದ. "ಹೋಗೋಣ ಸಾರ್," ಅಂದ. "ಮೂಗಿ, ಕವರ್ ಹಾಕಮ್ಮ."

'ಅಮ್ಮ' ಸೇರಿಸಿದ್ದು ಮ್ಯಾನೇಜರ್ ಎದುರಿಗಿದ್ದರು ಅಂತ. ನಾನು ಕವರ್ ಹಾಕಿದೆ. ರೆಪ್ಪೆ ಹಿಡಿದು ಒಂದು ಗಳಿಗೆ ನಿಂತೆ. ಕಂಪ್ರೆಸರ್ ಧಡಧಡ ಅಂತ ತಾನಾಗಿ ಶುರುವಾಯಿತು, ನನ್ನ ಜಾಗದಲ್ಲಿ ನಿಂತುಕೊಂಡು. ಟಿಕ್ ಅಂತ ಒತ್ತಿದೆ.

ಸಂಜೆ ಅಣ್ಣ ಬಂದು ಚಪ್ಪಲಿ ಬಿಡದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ.

"ಹನ್ನೆರಡನೇ ಕಿಲೋಮೀಟರಲ್ಲಿ," ಅಂದ. "ಅವರು ಇಳಿದು ವಾಚ್ ನೋಡ್ಕೊಂಡ್ರು. 'ಸ್ವಂತ ಗಾಡಿನೇ ಹೀಗಾದ್ರೆ ನಮ್ಮ ಹನ್ನೆರಡರ ಗತಿ ಏನ್ರೀ' ಅಂದ್ರು. ಕಾಲಿಗೆ ಬೀಳೋದೊಂದು ಬಾಕಿ. ಮುಂದಿನ ಶನಿವಾರ ಇನ್ನೊಂದು ಸಲ ಬರ್ತಾರಂತೆ. ಅದೇ ಕೊನೆ. ಆಮೇಲೆ ಎದುರು ಶೆಡ್ಡಿಗೆ ಕೊಡ್ತಾರಂತೆ."

"ಪೆಟ್ರೋಲ್ ಇಳೀತಿಲ್ಲ ಕಣೋ," ಅಂದ ಅಪ್ಪ ಇದ್ದಕ್ಕಿದ್ದಂತೆ. "ಕರೆಂಟಿನ ದೋಷ ಅಲ್ಲ. ಮುಚ್ಚಳದ ತೂತು ನೋಡಿದ್ಯಾ?"

ಬೇಳೆಗೆ ಹಾಕಲು ಹಿಡಿದಿದ್ದ ಉಪ್ಪು ನನ್ನ ಮುಷ್ಟಿಯಲ್ಲೇ ಉಳಿಯಿತು. ಅಣ್ಣ ಎದ್ದು ಹೋಗಿ ಕವರ್ ಬಿಚ್ಚಿ ಪಕ್ಕಕ್ಕೆಸೆದು, ಮುಚ್ಚಳ ತೆಗೆದು ತೂತಿಗೆ ಪಿನ್ನು ಹಾಕಿದ, ಬಾಯಿ ಇಟ್ಟು ಊದಿದ.

"ಕ್ಲೀನಾಗಿದೆ ಅಪ್ಪ. ಸರಾಗ ಹೋಗ್ತಿದೆ ಗಾಳಿ."

"ಹಾಗಾದ್ರೆ ನಂಗೂ ಗೊತ್ತಾಗ್ತಿಲ್ಲ," ಅಂದ ಅಪ್ಪ. ಆ ಮಾತು ಅಪ್ಪನ ಬಾಯಲ್ಲಿ ನಾನು ಹಿಂದೆ ಕೇಳಿರಲಿಲ್ಲ. ಅಣ್ಣ ಎಸೆದ ಕವರ್ ನನ್ನ ಕಾಲ ಹತ್ತಿರ ಬಿದ್ದಿತ್ತು. ಎತ್ತಿ ಧೂಳು ಕೊಡವಿ ಮಡಿಸಿಟ್ಟೆ.

ಮಂಗಳವಾರ ನಡೆದದ್ದು ನನ್ನ ಲೆಕ್ಕದಲ್ಲಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಅಣ್ಣ ಒಬ್ಬನೇ ಹೊರಟಿದ್ದ. ನಾನು ಬಟನ್ ಒತ್ತಿ ಒಳಗೆ ಬಂದಿದ್ದೆ. ಅತ್ತಿಗೆ ಬಾಚಣಿಗೆ ಕೂದಲಲ್ಲೇ ಸಿಕ್ಕಿಸಿಕೊಂಡು ಓಡಿ ಬಂದಳು. "ರೀ, ನಿಲ್ಲಿ! ಬಸ್ ತಪ್ಪಿಹೋಯ್ತು. ಲ್ಯಾಬ್ ಹತ್ರ ಬಿಟ್ಟು ಹೋಗಿ, ಬೈಪಾಸಲ್ಲೇ ಹೋದ್ರೆ ಬೇಗ." ಹಾರಿ ಕೂತಳು. ನಾನು ಬಾಗಿಲಿಗೆ ಬಂದೆ. ಗಾಡಿ ಇನ್ನೂ ಬೀದಿಯ ತುದಿ ಮುಟ್ಟಿರಲಿಲ್ಲ. ಕೂಗಬಹುದಿತ್ತು. ಬಾಯಿ ತೆರೆದೆ. ಮಾತು ಬರಲಿಲ್ಲವೋ, ನಾನೇ ಬರಿಸಲಿಲ್ಲವೋ, ಈಗಲೂ ಹೇಳಲಾರೆ.

ಒಂಬತ್ತು ಗಂಟೆಗೆ ಇಬ್ಬರೂ ನಡೆದುಕೊಂಡು ಬಂದರು. ಲಾರಿಯೊಂದನ್ನು ದಾಟುವಾಗ, ಅದರ ಮೂತಿಯ ಪಕ್ಕದಲ್ಲೇ ಗಾಡಿ ಸತ್ತಿತಂತೆ. ಅಣ್ಣ ಮಣ್ಣಿಗೆ ಇಳಿಸಿದ, ಅತ್ತಿಗೆ ಉರುಳಿದಳು. ಬಲ ಮೊಣಕೈ ಮೂರು ಬೆರಳಗಲ ಸಿಪ್ಪೆ ಸುಲಿದಿತ್ತು, ಒಳಗೆ ಜಲ್ಲಿಯ ಕಣ.

"ಇವತ್ತೇ ಗುಜರಿಗೆ ಹಾಕೋ ಅದನ್ನ!" ಅಮ್ಮ ಕಿರುಚಿದಳು. "ಸತ್ತು ಹೋಗ್ತಿದ್ದಳಲ್ಲೋ!"

"ಅಮ್ಮ, ಶನಿವಾರದವರೆಗೆ ಸುಮ್ನಿರು, ನಿಂಗೆ ಕೈ ಮುಗೀತೀನಿ," ಅಂದ ಅಣ್ಣ.

ನಾನು ಬಿಸಿನೀರು, ಹತ್ತಿ ತಂದು ಅತ್ತಿಗೆಯ ಮುಂದೆ ಕೂತೆ. ಚಿಮಟದಿಂದ ಒಂದೊಂದೇ ಕಣ ತೆಗೆದೆ. ಅತ್ತಿಗೆ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಅಮ್ಮ ಎದ್ದು ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಅತ್ತೆ ಕೂತ್ರೆ ನಿಲ್ಲಲ್ಲ. ಇವರು ಒಬ್ರೇ ಹೋದ್ರೆ ನಿಲ್ಲುತ್ತೆ. ಇವತ್ತು ನಾನು ಆಮೇಲೆ ಹತ್ತಿದೆ, ನಿಂತಿತು. ಗಾಡಿಗೇನು ಕಣ್ಣಿದ್ಯಾ, ಮೂಗಿ?"

ನಾನು ಹತ್ತಿ ಹಿಂಡಿದೆ.

"ದಿನಾ ನೂರು ಜನರ ಕೈ ಹಿಡಿದು ನರ ಹುಡುಕೋಳು ನಾನು. ನಿನ್ನ ಕೈ ಯಾವಾಗ ಟಿಕ್ ಅನ್ಸುತ್ತೆ, ಯಾವಾಗ ಅನ್ಸಲ್ಲ ಅಂತ ಅಡುಗೆಮನೆಗೆ ಕೇಳ್ಸುತ್ತೆ. ಏನಿದೆ ಆ ಬಟನ್ನಲ್ಲಿ?"

ಹೇಳಿದೆ. ನಾಲ್ಕೇ ಮಾತಿನಲ್ಲಿ ಮುಗಿಯಿತು. ಆಮೇಲೆ ತಡೆಯಲಾಗದೆ, "ನನ್ನ ಮಿಷನ್ ಅತ್ತಿಗೆ," ಅಂದೆ.

ಅತ್ತಿಗೆ ಮೊಣಕೈ ತಿರುಗಿಸಿ ಗಾಯ ನೋಡಿಕೊಂಡಳು. "ಮಾರಿದ್ದು ತಪ್ಪು," ಅಂದಳು ಕೊನೆಗೆ. "ಆ ದಿನ ನಂಗೆ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಸರಿ, ಅದು ನನ್ನ ತಪ್ಪು. ಆದ್ರೆ ಈ ಮೊಣಕೈ ನಿಂಗೇನು ಮಾಡಿತ್ತು?"

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತು ಅಂದ್ರೆ ಚರ್ಮ ಬರುತ್ತಾ? ಕೇಳು. ಈ ಕಲೆ ಮಾಸೋವರೆಗೂ ನನ್ನ ಪಾಲಿನ ಪಾತ್ರೆ ನೀನು ತೊಳೀಬೇಕು. ಎರಡೂ ಹೊತ್ತು. ಇನ್ನೊಂದು, ಶನಿವಾರದೊಳಗೆ ಇದನ್ನ ಮುಗಿಸು. ಆ ಕೆಲಸ ಕೈ ತಪ್ಪಿದ್ರೆ ನಿನ್ನ ತಟ್ಟೇಲೂ ಅನ್ನ ಕಮ್ಮಿಯಾಗುತ್ತೆ."

"ಅಣ್ಣನಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳಲಿ? ಹೇಗೆ ಮುಗಿಸ್ತೀಯೋ ನಿನ್ನಿಷ್ಟ." ಅತ್ತಿಗೆ ಗಾಯಕ್ಕೆ ತಾನೇ ಪಟ್ಟಿ ಸುತ್ತಿಕೊಂಡಳು. "ಆದ್ರೆ ಪುಕ್ಕಟೆ ಮುಗಿಸ್ಬೇಡ."

ಆ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಬಾಯಿ ಬಿಟ್ಟೆ. ಎಲ್ಲರ ತಟ್ಟೆಗೂ ಬಡಿಸಿ, ಕೂರದೆ ನಿಂತುಕೊಂಡೇ ಹೇಳಿದೆ.

"ಗಾಡಿ ನಾನು ಸರಿ ಮಾಡ್ತೀನಿ."

ಅಣ್ಣನ ತುತ್ತು ಬಾಯಿಯ ಹತ್ತಿರ ನಿಂತಿತು. ಆಮೇಲೆ ನಕ್ಕ. "ಯಾರು? ನೀನಾ? ಸೂಜೀಲಿ ಮಾಡ್ತೀಯೋ ದಾರದಲ್ಲೋ?"

"ಮೊದಲು ನನ್ನ ಮಿಷನ್ ವಾಪಸ್ ಬರ್ಬೇಕು. ಅದೇ ಜಾಗಕ್ಕೆ. ಕಂಪ್ರೆಸರ್ ಹಿಂದುಗಡೆ ಹೋಗ್ಬೇಕು."

"ಇವಳಿಗೆ ತಲೆ ಕೆಟ್ಟಿದೆ. ಅಮ್ಮ, ನೋಡು."

"ನಂಗೆ ತಲೆ ನೆಟ್ಟಗಿದೆ. ಶನಿವಾರಕ್ಕೆ ಇನ್ನು ನಾಲ್ಕು ದಿನ ಇದೆ," ಅಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಆದರೆ ನಡುಗಲಿಲ್ಲ.

ಅಪ್ಪ ಕುರುಡುಗಣ್ಣನ್ನು ನನ್ನ ಕಡೆ ತಿರುಗಿಸಿದ. "ನಿಂಗೆ ಗೊತ್ತಾಗಿದೆಯೇನೇ?"

"ಗೊತ್ತಾಗಿದೆ."

"ಹಾಗಾದ್ರೆ ಹೇಳೇ!" ಅಣ್ಣ ಕೂಗಿದ.

"ಮಿಷನ್ ಬರಲಿ."

ಅಣ್ಣ ಒಪ್ಪಲಿಲ್ಲ. ಬುಧವಾರ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬದಲಾಯಿಸಿದ. ಗುರುವಾರ ನಾಚಿಕೆ ಬಿಟ್ಟು ಎದುರು ಶೆಡ್ಡಿನವನನ್ನೇ ಕರೆದು ತೋರಿಸಿದ. ಅವನು ಬರುವ ಮುಂಚೆ ಅಣ್ಣ ಕವರ್ ಬಿಚ್ಚಿಟ್ಟಿದ್ದ. ಅವನು ಗಾಡಿ ಓಡಿಸಿ ಬಂದು, "ಏನೂ ಆಗಿಲ್ವಲ್ರೀ, ಚೆನ್ನಾಗೇ ಇದೆ. ನಿಮಗೆ ಓಡ್ಸೋಕೆ ಬರಲ್ವೋ ಏನೋ," ಅಂದು ಹೋದ. ಅಣ್ಣ ಹಲ್ಲು ಕಚ್ಚಿ ಕವರ್ ಹಾಕಿಸಿ ಹೊರಟ. ಅರ್ಧ ಗಂಟೆಗೆ ಸೇತುವೆಯ ಹತ್ತಿರದಿಂದ ತಳ್ಳಿಕೊಂಡು ಬಂದ.

ಶುಕ್ರವಾರ ಬೆಳಿಗ್ಗೆ ನಾನು ಅಕ್ಕಿ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ. "ಸೀಟಿನಂಗಡಿಯವನು ಕೊಟ್ಟಿದ್ದಕ್ಕಿಂತ ಜಾಸ್ತಿ ಕೇಳ್ತಿದಾನೆ."

"ಕೇಳ್ತಾನೆ. ಒಳ್ಳೆ ಮಿಷನ್ ಅದು."

"ಸರಿ, ತರಿಸ್ತೀನಿ. ಸಾಮಾನಿನ ಗಾಡಿಗೆ ಹೇಳ್ತೀನಿ."

"ಬೇಡ," ಅಂದೆ. "ಕೈಗಾಡೀಲಿ ಹಾಕಿ ನೀನೇ ತಳ್ಕೊಂಡು ಬಾ. ಹನ್ನೆರಡು ಗಂಟೆಗೆ."

"ಬೀದಿ ಜನ ಎಲ್ಲ ನೋಡ್ತಾರಲ್ಲೇ!"

"ನಿಂಗೆ ತಳ್ಳಿ ಅಭ್ಯಾಸ ಆಗಿದ್ಯಲ್ಲಣ್ಣ."

ಒಳಗೆ ಅತ್ತಿಗೆ ಕೆಮ್ಮಿದಳು. ಅದು ಕೆಮ್ಮಲ್ಲ ಅಂತ ಅಣ್ಣನಿಗೂ ಗೊತ್ತಾಯಿತು.

ಹನ್ನೆರಡು ಗಂಟೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ತಿರುವಿನಿಂದ ನಮ್ಮ ಮನೆಗೆ ಇಪ್ಪತ್ತೆರಡು ಅಂಗಡಿ. ಅಣ್ಣ ತಲೆ ಬಗ್ಗಿಸಿ ತಳ್ಳುತ್ತಾ ಬಂದ. ಹಿಂದೆ ಮಾರಿದ್ದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಎಲ್ಲರೂ ಕೇಳಿದರು. ಕಟಿಂಗ್ ಅಂಗಡಿಯವನು ಕೇಳಿದ, ಬಿಡಿಭಾಗದವನು ಕೇಳಿದ. ಎದುರು ಶೆಡ್ಡಿನವನು, "ಮೆಕ್ಯಾನಿಕ್ ಕೆಲಸ ಬಿಟ್ಟು ಟೇಲರ್ ಆದ್ರಾ?" ಅಂದ. ಅಣ್ಣ ಕೈಗಾಡಿಯನ್ನು ಸೀದಾ ಶೆಡ್ಡಿನೊಳಗೆ ತಳ್ಳಿದ. ಕಂಪ್ರೆಸರ್ ಎಳೆದು ಹಿಂದಕ್ಕೆ ಹಾಕಿ, ಮಿಷನ್ನಿನ ನಾಲ್ಕು ಕಾಲು ನೆಲದ ನಾಲ್ಕು ತಗ್ಗಿಗೆ ಸರಿಯಾಗಿ ಕೂರಿಸಿದ.

"ಈಗ ಹೇಳು."

"ಎಲ್ಲ ಹೊರಗೆ ಹೋಗಿ," ಅಂದೆ. ಶೆಡ್ಡಿನ ಬಾಗಿಲು ಹಾಕಿ ಚಿಲಕ ಹಾಕಿಕೊಂಡೆ.

ಮೊದಲು ಮಿಷನ್ನಿಗೆ ಎಣ್ಣೆ ಬಿಟ್ಟೆ. ಪಾಪ, ಒಣಗಿ ಹೋಗಿತ್ತು. ಒಂದು ಸ್ಪ್ಯಾನರ್ ತೆಗೆದುಕೊಂಡು ಕಬ್ಬಿಣದ ಬೆಂಚಿಗೆ ನಾಲ್ಕು ಸಲ ಬಡಿದೆ, ಹೊರಗಿನವರಿಗೆ ಕೇಳಲಿ ಅಂತ. ಆಮೇಲೆ ಕೂತು ರೆಪ್ಪೆಯ ಹೊಲಿಗೆ ಬಿಚ್ಚಿದೆ, ಒಳಗಿನ ರಬ್ಬರ್ ತೆಗೆದೆ, ಮುಚ್ಚಳದ ತೂತಿನ ನೇರಕ್ಕೆ ಒಳಗಡೆ ಒಂದು ಸಣ್ಣ ಮಡಿಕೆ ಕೊಟ್ಟು ಗಾಳಿಗೆ ದಾರಿ ಮಾಡಿದೆ, ಅದೇ ಕೆಂಪು ದಾರದಲ್ಲಿ ಅದೇ ತೂತುಗಳ ಮೇಲೆ ಮತ್ತೆ ಹೊಲಿದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಹೊರಗೆ ಅಮ್ಮ, "ಗಾಡಿ ರಿಪೇರೀಲಿ ಹೊಲಿಗೆ ಸದ್ದು ಯಾಕೆ?" ಅನ್ನುವುದು ಕೇಳಿಸಿತು.

"ಮಿಷನ್ ನೆಟ್ಟಗಿದೆಯಾ ಅಂತ ನೋಡ್ತಿರ್ತಾಳೆ," ಅಂದ ಅಣ್ಣ. ಅಪ್ಪ ಸಣ್ಣಗೆ ನಕ್ಕ. ಯಾಕೆ ಅಂತ ಅಣ್ಣ ಕೇಳಿದ್ದಕ್ಕೆ, "ಏನಿಲ್ಲಪ್ಪ, ಕಿವಿ ಕಚಗುಳಿ," ಅಂದ.

ಬಾಗಿಲು ತೆಗೆದು, "ಹೋಗಿ ಬಾ," ಅಂದೆ. ಕವರ್ ಹಾಕಿ, ರೆಪ್ಪೆ ಎಳೆದು, ಅವನ ಕಣ್ಣೆದುರಿಗೇ ಬಟನ್ ಒತ್ತಿದೆ.

ಅಣ್ಣ ಬೈಪಾಸಿನ ಆ ತುದಿಯವರೆಗೆ ಹೋಗಿ ಒಂದೂವರೆ ಗಂಟೆ ಬಿಟ್ಟು ಗಾಡಿಯ ಮೇಲೆ ಕೂತೇ ಬಂದ. ಸೀದಾ ಬಗ್ಗಿ ಎಂಜಿನ್ ನೋಡತೊಡಗಿದ. ಕಾರ್ಬೊರೇಟರ್ ಸ್ಕ್ರೂಗಳ ಮೇಲೆ ಅವನು ಹಾಕಿದ್ದ ಬಿಳಿ ಬಣ್ಣದ ಗುರುತು ಹಾಗೇ ಇತ್ತು, ಕಾಯಿಲ್ಲಿನ ಟೇಪು ಹಾಗೇ ಇತ್ತು.

"ಏನೂ ಬಿಚ್ಚೇ ಇಲ್ಲ ನೀನು!"

"ಓಡ್ತಾ, ಇಲ್ವಾ?"

"ಓಡ್ತು."

"ಮತ್ತೆ?"

ಶನಿವಾರ ಮ್ಯಾನೇಜರ್ ಅಣ್ಣನ ಹಿಂದೆ ಕೂತು ಗೋದಾಮಿಗೆ ಹೋಗಿ ಬಂದರು. ಸೋಮವಾರ ಮೊದಲ ಮೂರು ಗಾಡಿಗಳು ಶೆಡ್ಡಿಗೆ ಬಂದವು. ಅವುಗಳಲ್ಲಿ ಎರಡರ ಸೀಟು ಹರಿದಿತ್ತು. ಅಣ್ಣ ಅವನ್ನು ತಂದು ನನ್ನ ಮಿ‍ಷನ್ ಮುಂದೆ ಇಟ್ಟು ನಿಂತ. "ಬಿಡುವಾದಾಗ..." ಅಂದ. "ಇಟ್ಟು ಹೋಗು," ಅಂದೆ.

ಮೂರು ತಿಂಗಳಾಯಿತು. ದೂರ ಹೊರಡುವ ಮುಂಚೆ ಅಣ್ಣ ಈಗಲೂ ಗಾಡಿ ಸ್ಟಾರ್ಟ್ ಮಾಡಿ ನನ್ನ ಕಡೆ ನೋಡುತ್ತಾನೆ. ನಾನು ಹೊಲಿಯುವುದನ್ನು ನಿಲ್ಲಿಸಿ ತಲೆಯಾಡಿಸಿದ ಮೇಲೆಯೇ ಗೇರ್ ಹಾಕುತ್ತಾನೆ. ಕೆಲವು ದಿನ ಬೇಕೆಂದೇ ಸ್ವಲ್ಪ ತಡಮಾಡಿ ತಲೆಯಾಡಿಸುತ್ತೇನೆ. ಒಂದು ಭಾನುವಾರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹಳೇ ಬೆಡ್‌ಶೀಟಿನ ಮೇಲೆ ಹರಡಿಕೊಂಡು ಸಂಜೆವರೆಗೆ ಹುಡುಕಿದ. ಏನೂ ಸಿಗಲಿಲ್ಲ. ಕವರನ್ನು ಮಡಿಸಿ ಅದರ ಮೇಲೇ ಕೂತುಕೊಂಡಿದ್ದ.

ನಿನ್ನೆ ಊಟದಲ್ಲಿ ಮತ್ತೆ ಕೇಳಿದ. "ಮೂಗಿ, ಬೇಡ್ಕೋತೀನಿ ಕಣೇ. ನಾಳೆ ಅವರ ಗಾಡಿ ಹೀಗೇ ನಿಂತ್ರೆ ನಾನೇನು ಮಾಡಲಿ? ಏನು ಮಾಡಿದೆ ಹೇಳು."

ಮೊಟ್ಟೆ ಮತ್ತೆ ಬರಲು ಶುರುವಾಗಿದೆ. ನಾನು ನನ್ನ ಮೊಟ್ಟೆಯ ಸಿಪ್ಪೆ ಸುಲಿದು ಮುಗಿಸಿದೆ.

"ಎಂಜಿನ್ ವಿಷಯ ನಂಗೇನಣ್ಣ ಗೊತ್ತು? ತಿಂಗಳಿಗೆ ಎರಡು ಸೀಟ್ ಕವರ್ ಹೊಲಿಯೋಳು ನಾನು."

ಅತ್ತಿಗೆ ತೋಳು ಮಡಿಸಿ ಮೊಣಕೈ ನನ್ನ ಮುಂದೆ ಚಾಚಿದಳು. ಕಲೆ ಇನ್ನೂ ನಸುಗೆಂಪಾಗಿತ್ತು. "ಮಾಸಿದೆಯಾ ನೋಡು," ಅಂದಳು.

"ಇಲ್ಲ ಅತ್ತಿಗೆ," ಅಂದೆ. ಎಲ್ಲರ ತಟ್ಟೆಗಳನ್ನೂ ಒಂದರ ಮೇಲೊಂದು ಜೋಡಿಸಿಕೊಂಡು ನಲ್ಲಿಯ ಕಡೆ ಹೋದೆ.

ಆ ರಬ್ಬರಿನ ತುಂಡನ್ನು ಎಸೆದಿಲ್ಲ. ಮಿಷನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ಕೆಳಗಿದೆ. ಮತ್ತೆ ಹೊಲಿಯಲು ಹತ್ತು ನಿಮಿಷ ಸಾಕು.